ನಡೆಯದ ಸಭೆಯ ನಡಾವಳಿ

ನನಗೆ ಆ ಕೆಲಸ ಸಿಕ್ಕಿದ್ದು ನನ್ನ ಅಕ್ಷರ ನೋಡಿ ಎಂದು ನಮ್ಮಪ್ಪ ಮನೆಗೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಅರ್ಧ ಸುಳ್ಳು. ಅಕ್ಷರ ದುಂಡಗಿತ್ತು, ನಿಜ. ಬಸವನಗುಡಿಯ ನಮ್ಮ ಶಾಲೆಯಲ್ಲಿ ಕರಿಹಲಗೆಯ ಮೇಲಿನ ದಿನದ ಸುಭಾಷಿತವನ್ನು ನನ್ನ ಕೈಯಲ್ಲೇ ಬರೆಸುತ್ತಿದ್ದರು. ಆದರೆ ಕೆಲಸ ಸಿಕ್ಕಿದ್ದು ಅಪ್ಪ ತಮ್ಮ ಹಳೆಯ ಸಹಪಾಠಿಗೆ ಬರೆದುಕೊಟ್ಟ ಒಂದು ಚೀಟಿಯಿಂದ. ಆ ಸಹಪಾಠಿ ಒಂದು ಸರ್ಕಾರಿ ಮಂಡಳಿಯ ಕಾರ್ಯದರ್ಶಿಯಾಗಿದ್ದರು. ಅರ್ಜಿ ಕರೆದಿರಲಿಲ್ಲ, ಸಂದರ್ಶನವಿರಲಿಲ್ಲ. ಸೋಮವಾರ ಚೀಟಿ ಹೋಯಿತು, ಗುರುವಾರ ನಾನು ಮೇಜಿನ ಮುಂದೆ ಕೂತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೇರೆಯವರ ವಶೀಲಿಯ ಬಗ್ಗೆ ಕೂಗಾಡುವಾಗ, ನೀನೇನು ಕಡಿಮೆಯೇ ಎಂದು ಯಾರೂ ಕೇಳುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಜಯನಗರ ಇನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ನಿವೇಶನದ ಕಲ್ಲು ನೆಟ್ಟ ಕಡೆಯಲ್ಲೇ ಯಾರೋ ಹುರುಳಿ ಬಿತ್ತಿರುತ್ತಿದ್ದರು. ನಮ್ಮ ಕಚೇರಿ ಅಲ್ಲೊಂದು ಬಾಡಿಗೆ ಮನೆಯಲ್ಲಿತ್ತು. ಕತ್ರಿಗುಪ್ಪೆ, ಕೋಣನಕುಂಟೆ, ಸುದ್ದಗುಂಟೆಪಾಳ್ಯ, ಈ ಮೂರು ಹಳ್ಳಿಗಳಲ್ಲಿ ಒಂದೊಂದು ಸಣ್ಣ ಹೆರಿಗೆ ಆಸ್ಪತ್ರೆ. ಅವನ್ನು ನೋಡಿಕೊಳ್ಳಲು ಸರ್ಕಾರ ಮಾಡಿದ ಮಂಡಳಿ ನಮ್ಮದು. ಒಬ್ಬರು ಅಧ್ಯಕ್ಷರು, ಐದು ಜನ ಸದಸ್ಯರು. ಎಲ್ಲರೂ ಸರ್ಕಾರ ನೇಮಿಸಿದವರು.

ನಾನು ಸೇರಿದಾಗ ಹಳೆಯ ಸದಸ್ಯರಲ್ಲಿ ಒಬ್ಬರು ವಯಸ್ಸಾದ ಡಾಕ್ಟರು ಇದ್ದರು. ಕೊಡೆ ಹಿಡಿದುಕೊಂಡು ಬಸವನಗುಡಿಯಿಂದ ನಡೆದೇ ಬರುತ್ತಿದ್ದರು. ಸಭೆಯಲ್ಲಿ ಅವರದ್ದು ಒಂದೇ ಪ್ರಶ್ನೆ: "ಈ ಹೆಸರು ಎಲ್ಲಿಂದ ಬಂತು? ಅರ್ಜಿ ಎಲ್ಲಿ?" ಯಾವ ನೇಮಕದ ಕಾಗದ ಮುಂದಿಟ್ಟರೂ ಇದೇ. ಅವರು ನನ್ನನ್ನು ನೋಡಿದಾಗಲೆಲ್ಲ ನನ್ನ ಅರ್ಜಿಯನ್ನೂ ಕೇಳಿಬಿಡುತ್ತಾರೇನೋ ಎಂದು ನಾನು ಮೇಜಿನ ಮೇಲಿನ ಕಾಗದಕ್ಕೆ ತಲೆ ಬಗ್ಗಿಸಿಬಿಡುತ್ತಿದ್ದೆ. ಆಮೇಲೆ ಚುನಾವಣೆ ಆಯಿತು, ಹೊಸ ಪಟ್ಟಿ ಬಂತು. ಅದರಲ್ಲಿ ಡಾಕ್ಟರ ಹೆಸರಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಕೇಳುವವರೂ ಇರಲಿಲ್ಲ, ಏಕೆಂದರೆ ಕೇಳುತ್ತಿದ್ದವರು ಅವರೊಬ್ಬರೇ.

ಹೊಸ ಅಧ್ಯಕ್ಷರು ಆ ಚುನಾವಣೆಯಲ್ಲಿ ಸೋತವರು. ಜನ ಬೇಡ ಎಂದು ಮನೆಗೆ ಕಳಿಸಿದವರನ್ನು, ಸರ್ಕಾರ ಮಾಡಿದ ಅವರ ಪಕ್ಷದವರು ಹೆರಿಗೆ ಆಸ್ಪತ್ರೆಗಳ ಮೇಲೆ ತಂದು ಕೂರಿಸಿದ್ದರು. ಹೆರಿಗೆಯ ವಿಷಯದಲ್ಲಿ ಅವರಿಗಿದ್ದ ಅನುಭವವೆಂದರೆ ಒಮ್ಮೆ ತಾವು ಹುಟ್ಟಿದ್ದಷ್ಟೆ. ಮೂರು ಆಸ್ಪತ್ರೆಗಳಲ್ಲಿ ಒಂದಕ್ಕೂ ಅವರು ಕಾಲಿಟ್ಟಿದ್ದನ್ನು ನಾನು ಕಾಣೆ. ಸದಸ್ಯರಲ್ಲಿ ಒಬ್ಬರದು ಮರದ ಡಿಪೋ. ಚುನಾವಣೆಗೆ ಲಾರಿ ಕೊಟ್ಟಿದ್ದರು. ಇನ್ನೊಬ್ಬರು ಕತ್ರಿಗುಪ್ಪೆಯ ಕಡೆಯ ಪಟೇಲರು. ಬಡಾವಣೆಗೆ ಜಮೀನು ಹೋಗಿ ಊರವರು ಸಿಟ್ಟಾಗಿದ್ದಾಗ ಅವರನ್ನು ಸಮಾಧಾನಪಡಿಸಿ ಓಟು ಹಾಕಿಸಿದ್ದರು. ಉಳಿದ ಮೂವರ ಮುಖವನ್ನು ನಾನು ಸರಿಯಾಗಿ ನೋಡಿದ ನೆನಪೇ ಇಲ್ಲ. ಪಟೇಲರು ಕೆಟ್ಟವರಲ್ಲ, ದೊಡ್ಡ ಮೀಸೆಯ, ಜೋರು ನಗೆಯ ಮನುಷ್ಯ. ಸದಸ್ಯರಾದ ವಾರದಲ್ಲೇ ಮನೆಯ ಗೇಟಿಗೆ ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ತಮ್ಮ ಹೆಸರು, ಅದರ ಕೆಳಗೆ ಮಂಡಳಿಯ ಹೆಸರು ಬರೆಸಿ ಹಾಕಿಸಿದ್ದರು.

ಸಭೆ ಪ್ರತಿ ತಿಂಗಳ ಕೊನೆಯ ಗುರುವಾರ, ಸಾಯಂಕಾಲ ನಾಲ್ಕಕ್ಕೆ. ನೋಟೀಸು ತಪ್ಪದೆ ಹೋಗುತ್ತಿತ್ತು. ಹಜಾರದಲ್ಲಿ ಆರು ತೇಗದ ಕುರ್ಚಿ ಒರೆಸಿ ಇಡುತ್ತಿದ್ದೆವು. ಹೋಟೆಲಿನಿಂದ ಆರು ಜನಕ್ಕೆ ಉಪ್ಪಿಟ್ಟು, ಕೇಸರಿಬಾತು ಬರುತ್ತಿತ್ತು. ಡಾಕ್ಟರು ಹೋದ ಮೇಲೆ ಆ ಕುರ್ಚಿಗಳಲ್ಲಿ ಒಬ್ಬರೂ ಕೂರಲಿಲ್ಲ. ಉಪ್ಪಿಟ್ಟು ನಾವೇ ತಿಂದೆವು.

ಹಾಗಾದರೆ ಮಂಡಳಿ ನಡೆಯುತ್ತಿದ್ದದ್ದು ಹೇಗೆ? ಬುಧವಾರವೇ ಕಾರ್ಯದರ್ಶಿಗಳು ನನ್ನನ್ನು ಕರೆದು ಮಾರನೆಯ ದಿನದ ಸಭೆಯ ನಡಾವಳಿಯನ್ನು ಹೇಳಿ ಬರೆಸುತ್ತಿದ್ದರು. ಸದಸ್ಯರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಬರದ ಕಾರಣ ನಡಾವಳಿ ಕನ್ನಡದಲ್ಲೇ ಇತ್ತು, ಅದಕ್ಕೇ ನನ್ನ ದುಂಡು ಅಕ್ಷರ ಉಪಯೋಗಕ್ಕೆ ಬಂದದ್ದು. "ಹಾಜರಿದ್ದವರು" ಎಂದು ಬರೆದು ಆರು ಹೆಸರು. ಆಮೇಲೆ ವಿಷಯಗಳು. ಪ್ರತಿ ನಿರ್ಣಯದ ಕೆಳಗೆ ಸೂಚಿಸಿದವರು ಇಂಥವರು, ಅನುಮೋದಿಸಿದವರು ಇಂಥವರು, ಸರ್ವಾನುಮತದಿಂದ ಅಂಗೀಕರಿಸಲಾಯಿತು. ಶುಕ್ರವಾರ ನಮ್ಮ ಜವಾನ ಆ ಪುಸ್ತಕವನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದ. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ, ಬಾಯಲ್ಲಿ ಸದಾ ಎಲೆಯಡಿಕೆ. "ಸಭೆ ನಡೆಯೋದು ನನ್ ಸೈಕಲ್ ಮೇಲೇ ಕಣಮ್ಮ. ನನ್ಗೂ ಒಂದ್ ಕುರ್ಚಿ ಹಾಕ್ಸಿ" ಎಂದು ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಆ ನಗು ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂಬುದನ್ನು ಹಾಕುವುದು ನನ್ನ ಕೆಲಸ. "ಒಬ್ಬರ ಹೆಸರೇ ಮೇಲಿಂದ ಮೇಲೆ ಬಂದ್ರೆ ಆಡಿಟ್‌ನವರು ಕೇಳ್ತಾರಮ್ಮ. ಎಲ್ರಿಗೂ ಸಮನಾಗಿ ಹಂಚು" ಎಂದು ಕಾರ್ಯದರ್ಶಿಗಳು ಹೇಳಿದ್ದರು. ನಾನು ಡ್ರಾಯರಿನಲ್ಲಿ ಒಂದು ಚೀಟಿ ಇಟ್ಟುಕೊಂಡು ಪಾಳಿ ಪ್ರಕಾರ ಹಂಚುತ್ತಿದ್ದೆ. ಮನೆಯಲ್ಲಿ ಮಕ್ಕಳಿಗೆ ಹಪ್ಪಳ ಹಂಚುವುದಕ್ಕಿಂತ ನಿಯತ್ತಾಗಿ ಹಂಚಿದ್ದೇನೆ.

ಇನ್ನೊಂದು ನಿಯಮವಿತ್ತು. ಸತತವಾಗಿ ಮೂರು ಸಭೆಗಳಿಗೆ ಬಾರದ ಸದಸ್ಯನ ಸ್ಥಾನ ತಾನಾಗಿಯೇ ಹೋಗುತ್ತದೆ ಎಂದು. ಆ ನಿಯಮ ಮಾಡಿದ ಪುಣ್ಯಾತ್ಮರು ಸದಸ್ಯರು ಸಭೆಗೆ ಬರಲಿ ಎಂದೇ ಮಾಡಿದ್ದಾರು. ನಮ್ಮಲ್ಲಿ ಅದರಿಂದ ಆದದ್ದಿಷ್ಟೆ: ಬಾರದವರೆಲ್ಲರೂ ಬಂದರು ಎಂದು ನಾನು ಪ್ರತಿ ತಿಂಗಳೂ ತಪ್ಪದೆ ಬರೆದೆ.

ಈಗ ನರ್ಸಮ್ಮನ ವಿಷಯ. ಕತ್ರಿಗುಪ್ಪೆಯ ಹೆರಿಗೆ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಿದ್ದವರನ್ನು ಊರವರು ಕರೆಯುತ್ತಿದ್ದದ್ದು ಹಾಗೆ. ಮೂವತ್ತೊಂಬತ್ತು ವಯಸ್ಸು. ಗಂಡ ತೀರಿಕೊಂಡ ಮೇಲೆ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ತರಬೇತಿ ಪಡೆದು ಬಂದವರು. ಆಸ್ಪತ್ರೆಯ ಹಿಂದಿನ ಒಂದೇ ಕೋಣೆಯಲ್ಲಿ ಕಣ್ಣು ಕಾಣದ ತಾಯಿಯ ಜೊತೆ ಇದ್ದರು. ಆರು ವರ್ಷದಿಂದ ಕೆಲಸ ಮಾಡುತ್ತಿದ್ದರೂ ಇನ್ನೂ ತಾತ್ಕಾಲಿಕ. ನಲವತ್ತು ತುಂಬುವುದರೊಳಗೆ ಮಂಡಳಿ ಕಾಯಂ ಮಾಡಬೇಕು, ಇಲ್ಲದಿದ್ದರೆ ವಯಸ್ಸು ಮೀರಿತು ಎಂದು ಆ ಬಾಗಿಲು ಮುಚ್ಚಿಹೋಗುತ್ತದೆ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ.

ಅವರ ಕೆಲಸದಲ್ಲಿ ಒಂದು ಶಿಸ್ತಿತ್ತು, ಅದನ್ನು ಹೇಳಲೇಬೇಕು. ಆಸ್ಪತ್ರೆಯ ಗೋಡೆ ಗಡಿಯಾರವನ್ನು ದಿನವೂ ಪಂಚಾಯ್ತಿ ರೇಡಿಯೋದ ವಾರ್ತೆಗೆ ಸರಿಮಾಡಿ ಇಡುತ್ತಿದ್ದರು. ಮಗು ಹುಟ್ಟಿದ ಕೂಡಲೇ ಹೊರಗೆ ಕಾಯುತ್ತಿದ್ದ ಮನೆಯ ಹಿರಿಯರನ್ನು ಬಾಗಿಲಿಗೆ ಕರೆದು, ಗಡಿಯಾರ ತೋರಿಸಿ, ರಿಜಿಸ್ಟರಿನಲ್ಲಿ ಹೊತ್ತು ಬರೆದು, ಅದರ ಪಕ್ಕದಲ್ಲೇ ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸುತ್ತಿದ್ದರು. ಹೀಗೆ ಮಾಡಿ ಎಂದು ಯಾವ ಮೇಲಧಿಕಾರಿಯೂ ಹೇಳಿರಲಿಲ್ಲ. "ನಾನು ಹೊತ್ತು ತಪ್ಪು ಬರೆದ್ರೆ ಜಾತಕ ತಪ್ಪಾಗುತ್ತೆ ಅಮ್ಮ. ಇಪ್ಪತ್ತು ವರ್ಷ ಆದ್ಮೇಲೆ ಮದ್ವೆ ಮಾತಾಡೋರು ನನ್ನ ಬೈಕೊಳ್ತಾರೆ" ಎಂದು ಒಮ್ಮೆ ಹೇಳಿದ್ದರು. ಕೋಳಿಕಾಲಿನ ಅಕ್ಷರ ಅವರದು. ಆದರೆ ಬರೆದದ್ದೆಲ್ಲ ನಡೆದದ್ದು.

ಸಭೆಯ ಮಾರನೆಯ ದಿನ, ಪ್ರತಿ ಶುಕ್ರವಾರ ಅಲ್ಲ, ತಿಂಗಳಿಗೊಮ್ಮೆ ಬರುವ ಆ ಶುಕ್ರವಾರ, ಹೆರಿಗೆ ಇಲ್ಲದಿದ್ದರೆ ಅವರು ಕತ್ರಿಗುಪ್ಪೆಯಿಂದ ನಡೆದು ನಮ್ಮ ಕಚೇರಿಗೆ ಬರುತ್ತಿದ್ದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತು, "ನಂದು ಬಂತಾ ಅಮ್ಮ ಸಭೇಲಿ?" ಎಂದು ಕೇಳುವರು.

"ಮುಂದಿನ ಸಭೆಗೆ ಹಾಕಿದ್ದಾರೆ ನರ್ಸಮ್ಮ."

"ಆಗ್ಲಿ ಬಿಡಿ. ಅಷ್ಟ್ ದೊಡ್ಡೋರು ಕೂತು ಮಾತಾಡೋವಾಗ ನಂದೊಂದ್ ಚಿಕ್ಕ ವಿಷ್ಯ. ನಿಧಾನ ಆಗುತ್ತೆ" ಎಂದು ಅವರೇ ನನಗೆ ಸಮಾಧಾನ ಹೇಳಿ ಹೋಗುವರು. ದೊಡ್ಡವರು ನಿಜವಾಗಿಯೂ ಕೂತು ಮಾತಾಡುತ್ತಾರೆ ಎಂದು ಆ ಹೆಂಗಸು ನಂಬಿದ್ದರು. ಅವರ ಕಾಯಂ ವಿಷಯವನ್ನು ಮುಂದಿನ ಸಭೆಗೆ ಹಾಕಿ ಎಂದು ಕಾರ್ಯದರ್ಶಿಗಳು ಹೇಳಿದ್ದು ಮೊದಲ ಒಂದೆರಡು ಸಲ ಮಾತ್ರ. ಆಮೇಲೆ ಅವರು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ. ಹಿಂದಿನ ತಿಂಗಳ ಪುಟ ತೆರೆದು, "ಮುಂದಿನ ಸಭೆಗೆ ಮುಂದೂಡಲಾಯಿತು" ಎಂದಿದ್ದುದನ್ನು ನೋಡಿ ನಾನೇ ನಕಲು ಮಾಡುತ್ತಿದ್ದೆ.

ನರ್ಸಮ್ಮನಿಗೆ ನಲವತ್ತು ತುಂಬಲು ಮೂರು ತಿಂಗಳಿದ್ದಾಗ ಒಂದು ಬುಧವಾರ ಕಾರ್ಯದರ್ಶಿಗಳು ಒಂದು ಹೊಸ ನಿರ್ಣಯ ಬರೆಸಿದರು. ಕತ್ರಿಗುಪ್ಪೆಯ ತಾತ್ಕಾಲಿಕ ಸಿಬ್ಬಂದಿಯ ಸೇವೆಯನ್ನು ಕೊನೆಗೊಳಿಸಿ ಆ ಜಾಗಕ್ಕೆ ಇಂಥವರನ್ನು ಕಾಯಂ ಆಗಿ ನೇಮಿಸುವುದು. ಆ ಇಂಥವರು ಮರದ ಡಿಪೋದವರ ತಂಗಿಯ ಮಗಳು. ತರಬೇತಿ ಮುಗಿಸಿ ಇನ್ನೂ ತಿಂಗಳಾಗಿರಲಿಲ್ಲ.

ನನ್ನ ಪೆನ್ನು ನಿಂತಿತು. "ಸಾರ್, ನರ್ಸಮ್ಮ ಆರು ವರ್ಷದಿಂದ ಇದ್ದಾರೆ. ಅವರ ಕಾಯಂ ವಿಷಯ ಇನ್ನೂ ಬಾಕಿ ಇದೆ."

"ಗೊತ್ತಮ್ಮ. ಬರಿ. ಅಧ್ಯಕ್ಷರ ಮಾತು ಇದು. ನಮ್ಮ ಕೈಲಿ ಏನಿದೆ?"

"ಸೂಚಿಸಿದವರು ಡಿಪೋದವರಾ ಸಾರ್?"

"ಅಯ್ಯೋ, ಅವರದ್ದು ಬೇಡ, ಕಣ್ಣಿಗೆ ಹೊಡೆಯುತ್ತೆ. ಪಾಳಿ ಯಾರದ್ದಿದೆ ನೋಡು."

ಡ್ರಾಯರು ಎಳೆದು ಚೀಟಿ ನೋಡಿದೆ. ಪಾಳಿ ಪಟೇಲರದ್ದಿತ್ತು. ಹಾಕಿದೆ. ನರ್ಸಮ್ಮನ ಊರಿನ ಪಟೇಲರೇ ಅವರನ್ನು ತೆಗೆಯಲು ಸೂಚಿಸಿದಂತಾಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲವೇ ಎಂದರೆ, ಹೊಳೆಯಿತು. ಆದರೂ ಬರೆದೆ. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಪೇಪರು ಮಡಿಸಿಟ್ಟು, "ನನ್ನ ಮುಖ ನೋಡಿ ಕೊಟ್ಟ ಕೆಲಸ ಅದು. ನನ್ನ ಮುಖಕ್ಕೆ ಮಸಿ ಬಳೀಬೇಡ" ಎಂದರು. ಅವರಿಗೆ ಮಸಿ ಕಂಡದ್ದು ಆ ಒಂದು ಕಡೆ ಮಾತ್ರ.

ಗುರುವಾರ ಎಂದಿನಂತೆ ಯಾರೂ ಬರಲಿಲ್ಲ. ಶುಕ್ರವಾರ ಪುಸ್ತಕ ಸೈಕಲ್ ಹತ್ತಿತು. ಮಧ್ಯಾಹ್ನ ಜವಾನ ವಾಪಸು ಬಂದವನು ನನ್ನ ಮೇಜಿನ ಮೇಲೆ ಒಂದು ಕಾಗದದ ಪೊಟ್ಟಣ ಇಟ್ಟ. ಕಲ್ಲುಸಕ್ಕರೆ. "ಪಟೇಲರ ಮನೇಲಿ ಸೊಸೆಗೆ ಗಂಡು ಮಗು ಕಣಮ್ಮ. ನಿನ್ನೆ ಆಯ್ತಂತೆ. ಬಂದೋರಿಗೆಲ್ಲ ಹಂಚ್ತವ್ರೆ. ಪುಸ್ತಕ ಕೊಟ್ರೆ ನಗ್ತಾ ನಗ್ತಾ ಸೈನ್ ಹಾಕಿದ್ರು" ಎಂದ. ನಾನು ಒಂದು ಚೂರು ಬಾಯಿಗೆ ಹಾಕಿಕೊಂಡೆ.

ಮುಂದಿನ ವಾರ ನರ್ಸಮ್ಮ ಬಂದರು. ಕೈಯಲ್ಲಿ ಆಜ್ಞೆಯ ಪ್ರತಿ. ಹದಿನೈದು ದಿನದಲ್ಲಿ ಕೆಲಸ ಬಿಡಬೇಕು, ಕೋಣೆ ಖಾಲಿ ಮಾಡಬೇಕು. ಆಜ್ಞೆಯಲ್ಲಿ ನಿರ್ಣಯವನ್ನು ಯಥಾವತ್ತಾಗಿ ಎತ್ತಿ ಬರೆದಿತ್ತು: ಸಭೆಯ ದಿನ, ಹೊತ್ತು, ಸೂಚಿಸಿದವರ ಹೆಸರು. ಅವರು ಅಳಲಿಲ್ಲ. ಆಜ್ಞೆಯನ್ನು ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಗುರುವಾರ ನಾಲ್ಕು ಗಂಟೆ ಸಭೇಲಿ ಪಟೇಲರು ನನ್ನ ತೆಗೀರಿ ಅಂದ್ರು ಅಂತ ಇದೆ. ಗುರುವಾರ ಮಧ್ಯಾಹ್ನದಿಂದ ಅವರು ನನ್ನ ಆಸ್ಪತ್ರೆ ಕಲ್ಲು ಬೆಂಚಿನ ಮೇಲೆ ಕೂತಿದ್ರು ಅಮ್ಮ. ನಾಲ್ಕು ಹತ್ತಕ್ಕೆ ಮೊಮ್ಮಗ ಹುಟ್ಟಿದ. ಹೊತ್ತು ನೋಡಿ ಸೈನ್ ಹಾಕಿದ್ದಾರೆ. 'ನಿನ್ ವಿಷ್ಯ ಸಭೇಲಿ ನಾನ್ ನೋಡ್ಕತೀನಿ ಕಣವ್ವ' ಅಂತ ನನ್ನ ತಲೆ ಮುಟ್ಟಿ ಹೇಳಿ ಹೋದ್ರು. ಒಬ್ಬ ಮನುಷ್ಯ ಎರಡು ಕಡೆ ಹೆಂಗಿರ್ತಾನೆ?"

ನಾನು ಆಜ್ಞೆಯನ್ನು ಮಡಿಸಿ ಅವರ ಕೈಗೆ ಕೊಟ್ಟೆ. ಅವರು ಪಟೇಲರ ಮನೆಗೂ ಹೋಗಿ ಬಂದಿದ್ದರಂತೆ. ಪಟೇಲರು ಗಾಬರಿಯಾಗಿ, "ನಾ ಯಾಕವ್ವ ನಿನ್ನ ತೆಗೀಲಿ? ನಾ ಆ ಸಭೆಗೇ ಹೋಗಿಲ್ಲ. ಪುಸ್ತಕ ಬಂತು, ಸೈನ್ ಹಾಕ್ದೆ" ಎಂದಿದ್ದರು. ಅದು ನಿಜವಾದ ಮಾತು. ಅದನ್ನು ಅವರು ಇನ್ನೊಂದು ಸಲ ಹೇಳಿದ್ದರೆ ಸಾಕಿತ್ತು.

ನರ್ಸಮ್ಮ ಹೋದದ್ದು ಹಳೆಯ ಡಾಕ್ಟರ ಹತ್ತಿರ. ಡಾಕ್ಟರು ಅವರಿಗೆ ಅರ್ಜಿ ಬರೆದುಕೊಟ್ಟರು, ಇಂಗ್ಲಿಷಿನಲ್ಲಿ, ಒಂದೇ ಪುಟ. ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಎಂದು ಮಾತ್ರ ಕೇಳಿದ್ದರು. ಆ ಅರ್ಜಿ ಹೇಗೋ ಸರಿಯಾದ ಮೇಜಿಗೆ ಹೋಗಿ ಮುಟ್ಟಿತು, ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾರೆಂದು ಕಾಗದ ಬಂತು. ಅಂದಿನಿಂದ ಕಚೇರಿಯಲ್ಲಿ ತಿಪ್ಪೆ ಸಾರಿಸುವ ಕೆಲಸ ಶುರುವಾಯಿತು. ಡಿಪೋದವರು ಎರಡು ಸಲ ಪಟೇಲರ ಮನೆಗೆ ಹೋಗಿ ಬಂದರು. ಸಭೆಗೆ ಹೋಗಿರಲಿಲ್ಲ ಎಂದು ನೀವು ಒಂದು ಸಲ ಒಪ್ಪಿಕೊಂಡರೆ ಹಿಂದಿನ ಸಭೆಗಳೂ ಹೊರಗೆ ಬರುತ್ತವೆ, ಮೂರು ಸಭೆಗಳ ನಿಯಮದಲ್ಲಿ ನಿಮ್ಮ ಸ್ಥಾನ ಹೋಗುತ್ತದೆ ಎಂದು ತಿಳಿಸಿ ಹೇಳಿದರಂತೆ. ಗೇಟಿನ ಹಸಿರು ಹಲಗೆ ಇಳಿಸಬೇಕಾಗುತ್ತದೆ ಎಂಬುದು ಪಟೇಲರಿಗೆ ಅರ್ಥವಾಯಿತು.

ಡಾಕ್ಟರು ಹೋದ ಮೇಲೆ ಆ ಆರು ತೇಗದ ಕುರ್ಚಿಗಳಲ್ಲಿ ವಿಚಾರಣೆಯ ದಿನವೇ ಮೊದಲ ಬಾರಿಗೆ ಜನ ಕೂತದ್ದನ್ನು ಕಂಡೆ. ಅಧ್ಯಕ್ಷರು ಬಂದಿರಲಿಲ್ಲ, ಊರಿನಲ್ಲಿಲ್ಲ ಎಂದು ಹೇಳಿ ಕಳಿಸಿದ್ದರು. ಅಧಿಕಾರಿಗಳು ತೆಳ್ಳಗಿನ, ಮೆಲುಮಾತಿನ ಮನುಷ್ಯ. ಒಂದು ಪಕ್ಕದಲ್ಲಿ ಕಾರ್ಯದರ್ಶಿಗಳು, ಡಿಪೋದವರು, ಪಟೇಲರು. ಎದುರಿಗೆ ನರ್ಸಮ್ಮ ಒಬ್ಬರೇ. ಕೂರಿ ಎಂದರೂ ಕೂರಲಿಲ್ಲ. ನಾನು ಗೋಡೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ. ಮೇಜಿನ ಮೇಲೆ ಎರಡು ಪುಸ್ತಕ. ನನ್ನದಕ್ಕೆ ಕೆಂಪು ಬಟ್ಟೆಯ ರಟ್ಟು, ಅವರದಕ್ಕೆ ರಟ್ಟು ಹರಿದು ಹಳೆಯ ಸೀರೆಯ ತುಂಡು ಹೊಲಿದಿದ್ದರು.

ಅಧಿಕಾರಿಗಳು ಎರಡನ್ನೂ ಓದಿದರು. "ಒಬ್ಬರು ಒಂದೇ ಹೊತ್ತಿಗೆ ಎರಡು ಕಡೆ ಇರೋಕೆ ಸಾಧ್ಯವಿಲ್ಲ. ಯಾವುದೋ ಒಂದು ಪುಸ್ತಕ ತಪ್ಪಿದೆ" ಎಂದರು. ಆಗ ನನ್ನ ಜೀವ ಹಗುರವಾಯಿತು. ಈಗ ಎಲ್ಲ ಹೊರಗೆ ಬೀಳುತ್ತದೆ, ನಾನು ಏನೂ ಹೇಳಬೇಕಾಗಿಯೇ ಇಲ್ಲ ಎಂದುಕೊಂಡೆ.

ಕಾರ್ಯದರ್ಶಿಗಳು ಸಿದ್ಧರಾಗಿ ಬಂದಿದ್ದರು. "ಹಳ್ಳಿ ಆಸ್ಪತ್ರೆ ಗಡಿಯಾರ ಸಾರ್. ಎರಡು ಗಂಟೆ ಹಿಂದೆ ಮುಂದೆ ಇದ್ರೂ ಇರಬಹುದು. ಹುಟ್ಟಿದ ಹೊತ್ತನ್ನ ಅವರು ತಿದ್ದಿಕೊಂಡ್ರೆ ಮುಗೀತು" ಎಂದರು.

"ನಾನು ತಿದ್ದಲ್ಲ ಸಾರ್" ಎಂದರು ನರ್ಸಮ್ಮ. "ಬೆಳಗ್ಗೆ ರೇಡಿಯೋಗೆ ಸರಿ ಮಾಡಿದ ಗಡಿಯಾರ ಅದು."

ಅಷ್ಟರಲ್ಲಿ ಪಟೇಲರು ಕುರ್ಚಿಯಿಂದ ಅರ್ಧ ಎದ್ದರು. "ಸ್ವಾಮಿ, ಅದೊಂದ್ ಮುಟ್ಬ್ಯಾಡಿ. ನಾಲ್ಕು ಹತ್ತಕ್ಕೇ ಜಾತಕ ಬರೆಸಿವ್ನಿ. ರಾಜಯೋಗ ಅದೆ ಅಂದವ್ರೆ ಜೋಯಿಸರು. ಹೊತ್ತು ಕದಲಿದ್ರೆ ಯೋಗ ಹೋಯ್ತದೆ."

ಅಧಿಕಾರಿಗಳು ಕರ್ಚೀಫು ತೆಗೆದು ಬಾಯಿ ಒರೆಸಿಕೊಂಡರು. ನಗುತ್ತಿದ್ದರೋ ಏನೋ. ನನಗಂತೂ ಆ ಕ್ಷಣದಲ್ಲಿ ಆಸೆ ಹುಟ್ಟಿತು. ಮೊಮ್ಮಗ ಹುಟ್ಟಿದಾಗ ತಾವಲ್ಲೇ ಇದ್ದದ್ದನ್ನು ಪಟೇಲರೇ ಒಪ್ಪಿದ ಹಾಗಾಯಿತಲ್ಲ, ಇನ್ನು ಉಳಿದದ್ದೇನು? ಆದರೆ ಕಾರ್ಯದರ್ಶಿಗಳು ಮೂವತ್ತು ವರ್ಷ ಸರ್ಕಾರದಲ್ಲಿ ಸವೆದವರು. ಒಂದು ನಿಮಿಷವೂ ತಡಮಾಡಲಿಲ್ಲ.

"ಸರಿ ಸಾರ್, ಹಾಗಾದ್ರೆ ಸಭೆ ನಡೆದಿದ್ದು ಆರಕ್ಕೆ. ಕೋರಂ ಇರಲಿಲ್ಲ ಅಂತ ಮುಂದಕ್ಕೆ ಹಾಕಿದ್ವಿ, ಈಗ ನೆನಪಾಯ್ತು. ನಮ್ಮ ಗುಮಾಸ್ತೆ ಅಭ್ಯಾಸಬಲದಿಂದ ನಾಲ್ಕು ಅಂತ ಬರೆದಿದ್ದಾಳೆ. ಹೊಸ ಹುಡುಗಿ, ಕೈತಪ್ಪು."

"ನೀವು ಆರಕ್ಕೆ ಬಂದಿದ್ರಾ?" ಎಂದು ಅಧಿಕಾರಿಗಳು ಪಟೇಲರನ್ನು ಕೇಳಿದರು.

ಪಟೇಲರು ಮೀಸೆ ಮುಟ್ಟಿಕೊಂಡರು. "ಹೂಂ. ಬಂದಿದ್ದೆ."

"ಯಜಮಾನ್ರೇ" ಎಂದರು ನರ್ಸಮ್ಮ. ದನಿ ಏರಿಸಲಿಲ್ಲ. "ದೀಪ ಹಚ್ಚೋ ಹೊತ್ತಲ್ಲಿ ನನ್ನ ಕೈಯಲ್ಲಿ ಬಿಸಿನೀರು ಇಸ್ಕೊಂಡು ಕುಡಿದ್ರಲ್ಲ."

ಬಿಸಿನೀರು ಕುಡಿದದ್ದಕ್ಕೆ ಯಾವ ರಿಜಿಸ್ಟರಿನಲ್ಲೂ ಸಹಿ ಇರಲಿಲ್ಲ. ಅಧಿಕಾರಿಗಳು ನನ್ನ ಕಡೆ ತಿರುಗಿದರು. "ಏನಮ್ಮ, ಹೊತ್ತು ತಪ್ಪಾಗಿ ಬರೆದ್ರಾ?"

ನನಗಾಗ ಇಪ್ಪತ್ತೆರಡು. ಅದನ್ನು ನೆಪವಾಗಿ ಹೇಳುತ್ತಿಲ್ಲ. ಇಪ್ಪತ್ತೆರಡಕ್ಕೆ ನಿಜ ಯಾವುದು, ಸುಳ್ಳು ಯಾವುದು ಎಂದು ಗೊತ್ತಿರುತ್ತದೆ. ಸಭೆಯೇ ನಡೆದಿಲ್ಲ ಸಾರ್, ಈ ಸದಸ್ಯರು ಬಂದ ಮೇಲೆ ಎಂದೂ ನಡೆದಿಲ್ಲ, ಡ್ರಾಯರಿನಲ್ಲಿ ಪಾಳಿಯ ಚೀಟಿ ಇದೆ, ಎಳೆದು ನೋಡಿ. ಇಷ್ಟೇ ಹೇಳಬೇಕಾಗಿದ್ದುದು. ನಾಲ್ಕು ಹೆಜ್ಜೆ ದೂರದಲ್ಲಿ ಆ ಡ್ರಾಯರು ಇತ್ತು. ನಾನು ಕಾರ್ಯದರ್ಶಿಗಳ ಮುಖ ನೋಡಿದೆ. ಅಪ್ಪನ ಮಾತು ನೆನಪಾಯಿತು.

"ಹೌದು ಸಾರ್. ತಪ್ಪಾಗಿ ಬರೆದೆ."

"ತಿದ್ದಿ ಸಹಿ ಮಾಡಿ" ಎಂದರು ಅಧಿಕಾರಿಗಳು. ಕೆಂಪು ಮಸಿಯಲ್ಲಿ ನಾಲ್ಕನ್ನು ಹೊಡೆದು ಆರು ಎಂದು ಬರೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ವಿಚಾರಣೆ ಮುಗಿಯಿತು. ಎರಡು ಪುಸ್ತಕಗಳೂ ಸರಿಯಾದವು.

ನನಗೆ ಎಚ್ಚರಿಕೆಯ ಮೆಮೊ ಕೊಟ್ಟರು, ಅಜಾಗರೂಕತೆಗಾಗಿ. ಆ ಇಡೀ ಪ್ರಕರಣದಲ್ಲಿ ಸರ್ಕಾರ ಹೊಣೆ ಹೊರಿಸಿದ್ದು ಅಕ್ಷರ ಬರೆದವಳ ಮೇಲೆ, ಕೆಲಸ ಕಿತ್ತುಕೊಂಡದ್ದು ಹೆರಿಗೆ ಮಾಡಿಸಿದವರಿಂದ. ಕುರ್ಚಿಯವರನ್ನು ಯಾರೂ ಏನೂ ಕೇಳಲಿಲ್ಲ. ಅಧ್ಯಕ್ಷರಿಗೆ ಅವಧಿ ಮುಗಿದ ಮೇಲೆ ಇನ್ನೊಂದು ಮಂಡಳಿ ಸಿಕ್ಕಿತು, ಅದು ಕೆರೆಗಳದ್ದೋ ಕುರಿಗಳದ್ದೋ, ಈಗ ಮರೆತಿದ್ದೇನೆ. ಪಟೇಲರ ಹಲಗೆ ಗೇಟಿನ ಮೇಲೆ ಉಳಿಯಿತು. ಡಿಪೋದವರ ತಂಗಿಯ ಮಗಳು ಬೆಳಗ್ಗೆ ಹತ್ತರ ಬಸ್ಸಿಗೆ ಬಂದು ಸಾಯಂಕಾಲ ಐದರ ಬಸ್ಸಿಗೆ ಹೋಗುತ್ತಿದ್ದಳು. ಬಸ್ಸಿನ ಹೊತ್ತು ನೋಡಿಕೊಂಡು ಹುಟ್ಟುವ ಮಕ್ಕಳು ಕತ್ರಿಗುಪ್ಪೆಯಲ್ಲಿ ಇರಲಿಲ್ಲ. ಊರವರು ಮತ್ತೆ ಮನೆಗಳಲ್ಲೇ ಹೆರಿಗೆ ಮಾಡಿಸತೊಡಗಿದರು. ಪಕ್ಷ ಯಾವುದು, ಅದು ಎಡವೋ ಬಲವೋ ಎಂದು ನನ್ನ ಮಕ್ಕಳು ಕೇಳುತ್ತಾರೆ. ಯಾವುದಾದರೇನು? ಆಮೇಲೆ ಬಂದವರೂ ಅದೇ ಕುರ್ಚಿ ಒರೆಸಿಕೊಂಡರು. ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಏಕೆಂದರೆ ಆ ದಿನ ಅಲ್ಲಿಗೇ ಮುಗಿಯಲಿಲ್ಲ. ಅಧಿಕಾರಿಗಳು ಹೋದರು. ಉಳಿದವರು ಅವರನ್ನು ಕಾರಿನ ತನಕ ಬಿಟ್ಟುಬರಲು ಹಿಂದೆಯೇ ಹೋದರು. ಹಜಾರದಲ್ಲಿ ನಾನೂ ನರ್ಸಮ್ಮನೂ ಇಬ್ಬರೇ. ಅವರು ತಮ್ಮ ರಿಜಿಸ್ಟರನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ನನ್ನ ಕೆಂಪು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬೆರಳಿಟ್ಟು ನಿಧಾನವಾಗಿ ಓದಿದರು. ಒಂದೊಂದೇ ಪುಟ ಹಿಂದಕ್ಕೆ ತಿರುವಿದ ಹಾಗೆ ತಮ್ಮ ಹೆಸರು ಬಂದಲ್ಲೆಲ್ಲ ಬೆರಳು ನಿಲ್ಲುತ್ತಿತ್ತು.

"ಇದೆಲ್ಲ ನಿಮ್ಮ ಅಕ್ಷರಾನಾ ಅಮ್ಮ?"

"ಹೂಂ."

"ಎಷ್ಟು ಚೆನ್ನಾಗಿದೆ. ಮುತ್ತು ಪೋಣಿಸಿದ ಹಾಗಿದೆ." ವ್ಯಂಗ್ಯವಾಗಿ ಹೇಳಲಿಲ್ಲ. ಕೋಳಿಕಾಲಿನ ಅಕ್ಷರದವರು ಒಳ್ಳೆಯ ಅಕ್ಷರ ಕಂಡಾಗ ಹೇಳುವ ಹಾಗೆಯೇ ಹೇಳಿದರು. "ಅವರೆಲ್ಲ ಮಾತಾಡೋವಾಗ ನೀವು ಇಲ್ಲೇ ಕೂತು ಬರ್ಕೊಳ್ತೀರಾ?"

ಅಧಿಕಾರಿಗಳ ಮುಂದೆ ಬರದ ಮಾತು ಆಗ ಬಂತು. ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ. "ಯಾರೂ ಮಾತಾಡಲ್ಲ ನರ್ಸಮ್ಮ. ಯಾರೂ ಬರೋದೇ ಇಲ್ಲ. ಡಾಕ್ಟರು ಹೋದ್ಮೇಲೆ ಸಭೆ ಯಾವತ್ತೂ ನಡೆದಿಲ್ಲ" ಎಂದೆ.

ಅವರು ಆರು ಕುರ್ಚಿಗಳನ್ನೂ ನೋಡಿದರು. ಮತ್ತೆ ಪುಸ್ತಕ ನೋಡಿದರು. "ಮುಂದೂಡಲಾಯಿತು" ಎಂಬ ಪದದ ಮೇಲೆ ಅವರ ಬೆರಳು ಇನ್ನೂ ಇತ್ತು.

"ಹಂಗಾದ್ರೆ ತಿಂಗ್ಳು ತಿಂಗ್ಳೂ ನನ್ನ ವಿಷ್ಯ ಮುಂದಕ್ಕೆ ಹಾಕ್ತಾ ಇದ್ದಿದ್ದು ಯಾರಮ್ಮ?"

"ನಾನೇ" ಎಂದೆ.

ಅವರು ಪುಸ್ತಕ ಮುಚ್ಚಿ, ನನ್ನ ಕಡೆಗೆ ಸರಿಸಿ, ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು.